ಒಲೆಯಿಂದ ಇಳಿದ ಮೇಲಿನ ಹೊತ್ತು: ಬೇಸಿಗೆಯ ಜಾತ್ರೆ, ದಾಸೋಹ, ಮದುವೆಗಳ ಸಾಮೂಹಿಕ ಊಟದ ಸುರಕ್ಷತೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಜಾತ್ರೆಯ ಕಾಲವೂ ಬಿಸಿಲಿನ ಕಾಲವೂ ಜೊತೆಜೊತೆಯಾಗಿಯೇ ಬರುತ್ತವೆ. ಫೆಬ್ರವರಿಯಲ್ಲಿ ಮೈಲಾರದ ಕಾರಣಿಕೋತ್ಸವ, ಅದರ ಬೆನ್ನಿಗೆ ಕೊಟ್ಟೂರಿನ ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವ, ಶಿವರಾತ್ರಿಯ ವೇಳೆಗೆ ಕುರುವತ್ತಿ, ಯುಗಾದಿಗೆ ಉಚ್ಚಂಗಿದುರ್ಗ, ಬಿಸಿಲು ನೆತ್ತಿಗೇರಿದ ಮೇಲೆ ಉಜ್ಜಿನಿ. ಇವುಗಳ ನಡುವೆ ಊರೂರಿನ ಊರಮ್ಮನ ಹಬ್ಬಗಳು, ಸಾಮೂಹಿಕ ವಿವಾಹಗಳು, ಗೃಹಪ್ರವೇಶಗಳು. ಇವುಗಳಲ್ಲಿ ಊಟವಿಲ್ಲದೆ ಮುಗಿಯುವ ಕಾರ್ಯ ಒಂದೂ ಇಲ್ಲ. ಅಡುಗೆಯಾದರೂ ಬಹುಪಾಲು ನಡೆಯುವುದು ಬಯಲಿನಲ್ಲಿ: ಶಾಮಿಯಾನದ ಮಗ್ಗುಲಲ್ಲಿ ಕಲ್ಲು ಹೂಡಿದ ಒಲೆ, ಟ್ಯಾಂಕರಿನ ನೀರು, ಬಾಡಿಗೆಗೆ ತಂದ ಹಂಡೆ, ಕೊಪ್ಪರಿಗೆ, ಪರಾತಗಳು.

ಇಂತಹ ಊಟದ ನಂತರ ವಾಂತಿ ಭೇದಿ ಕಾಣಿಸಿಕೊಂಡಾಗ ಜನರು ಸಾಮಾನ್ಯವಾಗಿ ಅಡುಗೆ ಮಾಡಿದವರನ್ನು, ಎಣ್ಣೆಯನ್ನು ಅಥವಾ ಯಾರದೋ ಕೆಟ್ಟ ದೃಷ್ಟಿಯನ್ನು ದೂರುತ್ತಾರೆ. ಬಹಳಷ್ಟು ಪ್ರಸಂಗಗಳಲ್ಲಿ ದೋಷವಿರುವುದು ಅಡುಗೆ ಮುಗಿದ ಮೇಲಿನ ಹೊತ್ತಿನಲ್ಲಿ. ಬೆಳಗಿನ ಜಾವ ಬೆಂದ ಅನ್ನ ಮಧ್ಯಾಹ್ನ ಮೂರು ಗಂಟೆಯ ಪಂಕ್ತಿಗೆ ಬಡಿಸಲ್ಪಟ್ಟಾಗ, ಬೇಯಿಸಿದಾಗ ಎಷ್ಟೇ ಶುದ್ಧವಾಗಿದ್ದರೂ ಅದು ಬೇರೆಯೇ ಪದಾರ್ಥವಾಗಿ ಮಾರ್ಪಟ್ಟಿರಬಹುದು. ಗ್ರಾಮ ಪಂಚಾಯಿತಿ ಸದಸ್ಯರು ಜಾತ್ರಾ ಸಮಿತಿಯವರೊಂದಿಗೆ ಕುಳಿತು ಮಾತನಾಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಮೊದಲ ಹಂಡೆ ಎಷ್ಟು ಗಂಟೆಗೆ ಇಳಿಯುತ್ತದೆ, ಕೊನೆಯ ಪಂಕ್ತಿ ಎಷ್ಟು ಗಂಟೆಗೆ ಏಳುತ್ತದೆ?

ಅನ್ನ ಹೇಗೆ ಕೆಡುತ್ತದೆ

ರೋಗಕಾರಕ ಸೂಕ್ಷ್ಮಾಣುಗಳು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹುಮಟ್ಟಿಗೆ ಬೆಳೆಯುವುದಿಲ್ಲ. 60 ಡಿಗ್ರಿಗಿಂತ ಮೇಲೆಯೂ ಬೆಳೆಯುವುದಿಲ್ಲ. ಇವೆರಡರ ನಡುವಿನ ಉಷ್ಣತೆಯಲ್ಲಿ ಅವು ವೃದ್ಧಿಸುತ್ತವೆ, ಅದರಲ್ಲಿಯೂ ಮೈಬಿಸಿಯ ಆಸುಪಾಸಿನಲ್ಲಿ ಅತ್ಯಂತ ವೇಗವಾಗಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದಲ್ಲಿ ಈ ಭಾಗದ ನೆರಳಿನ ಉಷ್ಣತೆಯೇ 40 ಡಿಗ್ರಿಯನ್ನು ಮುಟ್ಟುವುದರಿಂದ, ಶಾಮಿಯಾನದ ಕೆಳಗೆ ಇಟ್ಟ ಪಾತ್ರೆಯು ಸೂಕ್ಷ್ಮಾಣುಗಳಿಗೆ ಬೇಕಾದ ಕಾವನ್ನು ತಾನಾಗಿಯೇ ಒದಗಿಸುತ್ತದೆ.

ಅನುಕೂಲಕರ ಸ್ಥಿತಿಯಲ್ಲಿ ಒಂದು ಸೂಕ್ಷ್ಮಾಣು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ ಎಂದು ಲೆಕ್ಕ ಹಿಡಿಯೋಣ. ಬೆಳಿಗ್ಗೆ 9 ಗಂಟೆಗೆ 100 ಇದ್ದವು 10 ಗಂಟೆಗೆ 800, 11ಕ್ಕೆ 6,400, 12ಕ್ಕೆ 51,200 ಆಗಿ, ಮಧ್ಯಾಹ್ನ 2 ಗಂಟೆಗೆ 32 ಲಕ್ಷವನ್ನು ದಾಟುತ್ತವೆ. ಮೊದಲ ಎರಡು ಗಂಟೆಯಲ್ಲಿ ಏನೂ ಆಗಲಿಲ್ಲವೆಂಬಂತೆ ಕಾಣುತ್ತದೆ. ಅಪಾಯವೆಲ್ಲ ಕೊನೆಯ ಎರಡು ಗಂಟೆಯಲ್ಲಿ ಕೂಡಿಬರುತ್ತದೆ. ಒಂದನೆಯ ಪಂಕ್ತಿಯಲ್ಲಿ ಉಂಡ ಗಣ್ಯರಿಗೆ ಏನೂ ಆಗದೆ, ಕಡೆಯ ಪಂಕ್ತಿಯಲ್ಲಿ ಉಂಡವರು ಮಾತ್ರ ಹಾಸಿಗೆ ಹಿಡಿಯುವುದಕ್ಕೆ ಕಾರಣ ಈ ಲೆಕ್ಕದಲ್ಲಿದೆ.

ಹಾಗಾದರೆ ಬೇಯಿಸಿದಾಗ ಎಲ್ಲವೂ ಸತ್ತಿರಬೇಕಲ್ಲ, ಆ ನೂರು ಎಲ್ಲಿಂದ ಬಂದವು ಎಂಬ ಸಂದೇಹ ಸಹಜ. ಎರಡು ದಾರಿಗಳಿವೆ. ಮಣ್ಣಿನಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅಕ್ಕಿಯ ಕಾಳಿನ ಮೇಲೆ ಬೀಜದಂತಹ ಗಟ್ಟಿ ಕವಚದೊಳಗೆ ಮಲಗಿರುತ್ತದೆ. ಕುದಿಯುವ ನೀರು ಆ ಕವಚವನ್ನು ಭೇದಿಸಲಾರದು. ಅನ್ನ ಬಾಗಿಸಿ ಆರತೊಡಗಿದಾಗ ಅದು ಮೊಳೆತು, ಬೆಳೆದು, ವಿಷವನ್ನು ಸ್ರವಿಸುತ್ತದೆ. ಎರಡನೆಯ ದಾರಿ ಮನುಷ್ಯರ ಕೈ. ಚರ್ಮದ ಮೇಲೆ, ಮೂಗಿನೊಳಗೆ, ಕುರು ಗಾಯಗಳಲ್ಲಿ ಇರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಅನ್ನವನ್ನು ಕೈಯಿಂದ ಉದುರಿಸುವಾಗ, ಬೂಂದಿಯನ್ನು ಉಂಡೆ ಕಟ್ಟುವಾಗ ಆಹಾರವನ್ನು ಸೇರುತ್ತದೆ.

ಈ ಎರಡೂ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಸದಸ್ಯರು ಮುಖ್ಯವಾಗಿ ನೆನಪಿಡಬೇಕಾದ ಸಂಗತಿಯೊಂದಿದೆ. ಮತ್ತೆ ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ವಾಂತಿ ತರಿಸುವ ಅವುಗಳ ವಿಷ ಕುದಿತವನ್ನೂ ತಡೆದುಕೊಳ್ಳುತ್ತದೆ. ‘ಇನ್ನೊಮ್ಮೆ ಒಲೆಗಿಟ್ಟು ಬಿಸಿ ಮಾಡಿದರೆ ಸರಿಹೋಗುತ್ತದೆ’ ಎಂಬ ಅಡುಗೆಯವರ ಮಾತು ಈ ಕಾರಣದಿಂದ ಅರ್ಧ ಮಾತ್ರ ನಿಜ. ವಾಸನೆಯನ್ನು ನೋಡಿ ನಿರ್ಧರಿಸುವುದೂ ಸಾಲದು. ಅನ್ನ ಹಳಸಿದ ವಾಸನೆ ಬರುವುದಕ್ಕೆ ಎಷ್ಟೋ ಮುಂಚೆಯೇ ವಿಷದ ಪ್ರಮಾಣ ಕಾಯಿಲೆ ತರುವಷ್ಟು ಆಗಿರಬಹುದು.

ಸಾರು, ಬೇಳೆ, ಮಾಂಸದ ಅಡುಗೆಯ ಕಥೆ ಸ್ವಲ್ಪ ಬೇರೆ. ನೂರು ಲೀಟರಿನ ಕೊಪ್ಪರಿಗೆಯಲ್ಲಿ ರಾತ್ರಿ ಕುದಿಸಿ ಮುಚ್ಚಿಟ್ಟ ಸಾರು ಮೇಲೆ ತಣ್ಣಗಾದಂತೆ ಕಂಡರೂ ನಡುವೆ ಬೆಳಗಿನವರೆಗೂ ಉಗುರುಬೆಚ್ಚಗಿರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಗಾಳಿಯಾಡದ ಆ ಬೆಚ್ಚನೆಯ ತಳವೇ ಇಷ್ಟ. ದೇವಿಯ ಹಬ್ಬದ ಮರುದಿನ, ನೆಂಟರಿಷ್ಟರಿಗಾಗಿ ಎತ್ತಿಟ್ಟ ಮಾಂಸದ ಸಾರನ್ನು ಉಂಡು ಹೊಟ್ಟೆ ಕೆಡಿಸಿಕೊಳ್ಳುವವರಲ್ಲಿ ಅನೇಕರು ಇದಕ್ಕೆ ತುತ್ತಾದವರು. ಇಲ್ಲಿ ಮರಳಿ ಚೆನ್ನಾಗಿ ಕುದಿಸುವುದು ಪ್ರಯೋಜನಕ್ಕೆ ಬರುತ್ತದೆ, ಆದರೆ ಸುಮ್ಮನೆ ಬಿಸಿ ಮಾಡಿದರೆ ಸಾಲದು. ತಳದಿಂದ ತಿರುವುತ್ತ, ನಡುಭಾಗವೂ ಕುದಿ ಬರುವವರೆಗೆ ಕಾಯಿಸಬೇಕು. ಹಸಿ ಮಾಂಸ ಕತ್ತರಿಸಿದ ಹಲಗೆ, ಕತ್ತಿಗಳಲ್ಲಿಯೇ ಸೌತೆಕಾಯಿ, ಈರುಳ್ಳಿ ಹೆಚ್ಚುವ ರೂಢಿಯನ್ನೂ ನಿಲ್ಲಿಸಬೇಕು.

ಗಡಿಯಾರದ ಲೆಕ್ಕ

ಬೆಂದ ಆಹಾರವನ್ನು ಸಾಮಾನ್ಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಕಾಲ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ಕೃಷಿ ಇಲಾಖೆಯು ಬೇಸಿಗೆಯಲ್ಲಿ ಬಯಲಿನಲ್ಲಿ ಅಡುಗೆ ಮಾಡಿ ಉಣ್ಣುವ ತನ್ನ ಜನರಿಗೆ ಇನ್ನೂ ಬಿಗಿಯಾದ ನಿಯಮವನ್ನು ಹೇಳಿದೆ: ಹೊರಗಿನ ಉಷ್ಣತೆ 32 ಡಿಗ್ರಿಯನ್ನು ಮೀರಿದರೆ ಆ ಎರಡು ಗಂಟೆ ಒಂದೇ ಗಂಟೆಗೆ ಇಳಿಯುತ್ತದೆ. ನಮ್ಮ ಐದು ತಾಲ್ಲೂಕುಗಳಲ್ಲಿ ಮಾರ್ಚ್‌ನಿಂದ ಮೇ ಕೊನೆಯವರೆಗೆ ಹಗಲು ಹೊತ್ತಿನಲ್ಲಿ ಅನ್ವಯವಾಗುವುದು ಈ ಎರಡನೆಯ ನಿಯಮವೇ.

ಎರಡು ಸಾವಿರ ಜನರ ಊಟವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಬ್ಬರಿಗೆ 150 ಗ್ರಾಂ ಅಕ್ಕಿಯೆಂದರೆ ಒಟ್ಟು 3 ಕ್ವಿಂಟಾಲ್. ಪಂಕ್ತಿಗೆ 200 ಜನ, ಪಂಕ್ತಿಯೊಂದಕ್ಕೆ ಅರ್ಧ ಗಂಟೆ ಎಂದರೆ ಹತ್ತು ಪಂಕ್ತಿ, ಐದು ಗಂಟೆ. ಮೂರು ಕ್ವಿಂಟಾಲನ್ನೂ ಬೆಳಿಗ್ಗೆಯೇ ಬೇಯಿಸಿ ಚಾಪೆಯ ಮೇಲೆ ರಾಶಿ ಹಾಕಿದರೆ ಕೊನೆಯ ಪಂಕ್ತಿಯವರು ಐದಾರು ಗಂಟೆ ಹಳೆಯ ಅನ್ನವನ್ನು ಉಣ್ಣುತ್ತಾರೆ. ಅದೇ ಅಕ್ಕಿಯನ್ನು 60 ಕಿಲೋದಂತೆ ಐದು ಸುತ್ತಿನಲ್ಲಿ, ಗಂಟೆಗೊಂದು ಸುತ್ತು ಇಳಿಯುವಂತೆ ಬೇಯಿಸಿದರೆ, ಪ್ರತಿ ಸುತ್ತು ಎರಡು ಪಂಕ್ತಿಗಳಿಗೆ ಸಾಲುತ್ತದೆ. ಯಾರ ಎಲೆಗೂ ಒಂದು ಗಂಟೆ ಮೀರಿದ ಅನ್ನ ಬೀಳುವುದಿಲ್ಲ. ಸೌದೆಯ ಖರ್ಚು ತುಸು ಹೆಚ್ಚಾಗಬಹುದು. ಅಡುಗೆಯವರು ಐದು ಗಂಟೆ ಒಲೆಯ ಮುಂದೆಯೇ ಇರಬೇಕಾಗುತ್ತದೆ, ಆದ್ದರಿಂದ ಅವರು ಒಪ್ಪಲು ಹಿಂಜರಿಯುತ್ತಾರೆ. ಕೂಲಿ ಮಾತನಾಡುವ ದಿನವೇ ಈ ಕರಾರನ್ನು ಸೇರಿಸಿಕೊಂಡರೆ ಜಾತ್ರೆಯ ದಿನ ವಾದಕ್ಕೆ ಅವಕಾಶವಿರದು. ಇನ್ನೊಂದು ಲಾಭವನ್ನು ಸಮಿತಿಯವರೇ ಬೇಗ ಕಂಡುಕೊಳ್ಳುತ್ತಾರೆ: ಜನ ಕಡಿಮೆ ಬಂದರೆ ಕೊನೆಯ ಸುತ್ತಿನ ಅಕ್ಕಿ ಚೀಲದಲ್ಲಿಯೇ ಉಳಿಯುತ್ತದೆ.

ರಾಶಿಯ ಬಗ್ಗೆ ಒಂದು ಮಾತು. ಗಟ್ಟಿ ಪದಾರ್ಥದೊಳಗಿನ ಶಾಖ ಹೊರಬರಲು ಬೇಕಾದ ಸಮಯವು ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಎರಡು ಅಂಗುಲ ದಪ್ಪ ಹರವಿದ ಅನ್ನಕ್ಕಿಂತ ನಾಲ್ಕು ಅಂಗುಲ ದಪ್ಪದ್ದು ಆರಲು ಸುಮಾರು ನಾಲ್ಕು ಪಟ್ಟು ಸಮಯ ಬೇಕು. ಮೊಣಕಾಲೆತ್ತರದ ಅನ್ನದ ರಾಶಿಯ ಮೇಲ್ಭಾಗ ಆರಿ ಒಣಗಿದ್ದಾಗಲೂ ಒಡಲಿನಲ್ಲಿ ಕೈ ಇಟ್ಟರೆ ಬಿಸಿ ತಾಗುವುದನ್ನು ಬಡಿಸುವವರೆಲ್ಲ ಬಲ್ಲರು. ಆ ಬಿಸಿ 60 ಡಿಗ್ರಿಗಿಂತ ಕೆಳಗಿದ್ದರೆ ಅದು ರಕ್ಷಣೆಯಲ್ಲ, ಕಾವುಗೂಡು. ಚಿತ್ರಾನ್ನ, ಪುಳಿಯೋಗರೆಗಾಗಿ ಅನ್ನವನ್ನು ಆರಿಸಲೇಬೇಕಾದಲ್ಲಿ ಎರಡು ಅಂಗುಲಕ್ಕಿಂತ ದಪ್ಪವಾಗದಂತೆ ಪರಾತಗಳಲ್ಲಿ ಹರವಬೇಕು. ಉಳಿದ ಅನ್ನ, ಸಾರುಗಳನ್ನು ಆರಿಸುವ ಗೋಜಿಗೇ ಹೋಗದೆ, ಸಣ್ಣ ಪಾತ್ರೆಗಳಲ್ಲಿ ಮುಚ್ಚಿ, ಕೆಂಡದ ಮೇಲೆ ಹೊಗೆಯಾಡುವಷ್ಟು ಬಿಸಿಯಾಗಿಯೇ ಇರಿಸಿಕೊಂಡು ಬಡಿಸುವುದು ಬಯಲಿನಲ್ಲಿ ಸಾಧ್ಯವಾದ ಕ್ರಮ. ಆಹಾರದೊಳಗೆ ಚುಚ್ಚಿ ನೋಡುವ ಉಷ್ಣಮಾಪಕ ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ. ಪ್ರತಿ ಗ್ರಾಮ ಪಂಚಾಯಿತಿಯೂ ಒಂದನ್ನು ಕೊಂಡು, ಊಟ ನಡೆಸುವವರಿಗೆ ಎರವಲು ಕೊಡುವುದು ಯೋಗ್ಯ. ಕೈಯಿಂದ ಮುಟ್ಟಿ 60 ಡಿಗ್ರಿಯನ್ನು ಅಳೆಯಲು ಯಾರಿಂದಲೂ ಆಗದು.

ಯಾವ ಪದಾರ್ಥ ಎಷ್ಟು ತಡೆಯುತ್ತದೆ

ಈ ಭಾಗದ ಹಳೆಯ ಬುತ್ತಿಯ ಕ್ರಮದಲ್ಲಿ ದೊಡ್ಡ ತಿಳಿವಳಿಕೆಯಿದೆ. ಕಟಕ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಉಪ್ಪಿನಕಾಯಿ, ಹುರಿಗಡಲೆ, ಮಂಡಕ್ಕಿ ಇವುಗಳಲ್ಲಿ ನೀರಿನ ಅಂಶ ಕಡಿಮೆ, ಇಲ್ಲವೆ ಉಪ್ಪು ಹುಳಿ ಹೆಚ್ಚು. ಸೂಕ್ಷ್ಮಾಣುಗಳಿಗೆ ಬೆಳೆಯಲು ಅಲ್ಲಿ ಆಸ್ಪದವಿಲ್ಲ. ಚಕ್ಕಡಿ ಕಟ್ಟಿಕೊಂಡು ಮೈಲಾರಕ್ಕೆ ಹೋಗಿ ದಿನಗಟ್ಟಲೆ ಬಯಲಿನಲ್ಲಿ ಬಿಡಾರ ಹೂಡುವ ಕುಟುಂಬಗಳು ಇವನ್ನೇ ಕಟ್ಟಿಕೊಂಡು ಹೋಗುತ್ತಿದ್ದುದು ಆಕಸ್ಮಿಕವಲ್ಲ. ಮಿರ್ಚಿ ಮಂಡಕ್ಕಿಯೂ ಬಿಸಿಬಿಸಿಯಾಗಿ ಕರಿದು ಕೊಟ್ಟಷ್ಟು ಹೊತ್ತು ಜಾತ್ರೆಯ ತಿನಿಸುಗಳಲ್ಲಿ ಕಡಿಮೆ ಅಪಾಯದ್ದೇ. ಅಲ್ಲಿ ದೋಷವಿರುವುದು ಅದನ್ನು ಕಟ್ಟಿಕೊಡುವ ಹಳೆಯ ವೃತ್ತಪತ್ರಿಕೆಯಲ್ಲಿ ಮತ್ತು ದಿನಗಟ್ಟಲೆ ಕಾದು ಕಪ್ಪಾದ ಎಣ್ಣೆಯಲ್ಲಿ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಕರಗುವುದರಿಂದ ವೃತ್ತಪತ್ರಿಕೆಯಲ್ಲಿ ತಿನಿಸು ಕೊಡಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ತಿಳಿಸಿದೆ.

ಬೇಗ ಕೆಡುವವುಗಳ ಸಾಲಿನಲ್ಲಿ ಹಸಿ ಕೊಬ್ಬರಿ ಚಟ್ನಿ ಮೊದಲನೆಯದು. ನೆನೆಸಿದ ಹೆಸರುಬೇಳೆಯ ಕೋಸಂಬರಿ, ಹಾಲು ಹಾಕಿದ ಪಾಯಸ, ಖೋವಾದ ಸಿಹಿ, ಬೇಯಿಸಿದ ಆಲೂಗಡ್ಡೆಯ ಪಲ್ಯ ಇವು ಅದರ ಹಿಂದೆಯೇ ಬರುತ್ತವೆ. ಗೋಧಿ ಹುಗ್ಗಿಗೆ ಬೆಲ್ಲ ತುಪ್ಪ ಧಾರಾಳವಾಗಿ ಬಿದ್ದಿರುವುದರಿಂದ ಅದು ಕೆಡದೆಂಬ ನಂಬಿಕೆಯಿದೆ. ಹುಗ್ಗಿಯಲ್ಲಿ ನೀರೂ ಅಷ್ಟೇ ಧಾರಾಳವಾಗಿರುವುದರಿಂದ ಆ ನಂಬಿಕೆಗೆ ಆಧಾರವಿಲ್ಲ. ಚಿತ್ರಾನ್ನದ ನಿಂಬೆರಸ ಸೂಕ್ಷ್ಮಾಣುಗಳ ವೇಗವನ್ನು ತಗ್ಗಿಸುವುದು ನಿಜ. ಆದರೆ ಕ್ವಿಂಟಾಲುಗಟ್ಟಲೆ ಅನ್ನಕ್ಕೆ ಕಲಸುವಾಗ ರಸ ಎಲ್ಲ ಕಡೆಗೂ ಸಮನಾಗಿ ಸೇರುವುದಿಲ್ಲ, ಎಷ್ಟೋ ವೇಳೆ ಖರ್ಚಿನ ದೃಷ್ಟಿಯಿಂದ ಬಣ್ಣ ಬರುವಷ್ಟು ಅರಿಸಿನ ಮಾತ್ರ ಬಿದ್ದಿರುತ್ತದೆ. ಹುಣಸೆಯ ಪುಳಿಯೋಗರೆ ಇದಕ್ಕಿಂತ ಮೇಲು.

ಕೊಟ್ಟೂರಿನ ರಥೋತ್ಸವಕ್ಕೆ ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಪಾದಯಾತ್ರಿಗಳಿಗೆ ದಾರಿಯುದ್ದಕ್ಕೂ ಭಕ್ತರು ಊಟ, ಉಪಾಹಾರ ನೀಡುವುದು ಈ ಸೀಮೆಯ ದೊಡ್ಡ ಸಂಪ್ರದಾಯ. ಮನೆಯಲ್ಲಿ ಬೆಳಗಿನ ಜಾವ ಮಾಡಿದ ಚಿತ್ರಾನ್ನವನ್ನು ಪೊಟ್ಟಣ ಕಟ್ಟಿ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹೇರಿ, ಹೊತ್ತೇರುವವರೆಗೆ ರಸ್ತೆ ಬದಿಯಲ್ಲಿ ನಿಂತು ಹಂಚುವವರ ಶ್ರದ್ಧೆ ದೊಡ್ಡದು. ಬಿಸಿ ಆರದ ಅನ್ನವನ್ನು ಬಿಗಿಯಾಗಿ ಪೊಟ್ಟಣ ಕಟ್ಟಿದರೆ ಒಳಗೆ ಬೆವರು ನಿಂತು ಅದು ಇನ್ನೂ ಬೇಗ ಕೆಡುತ್ತದೆ. ನಡೆದು ದಣಿದವನು ಆ ಪೊಟ್ಟಣವನ್ನು ಚೀಲದಲ್ಲಿರಿಸಿಕೊಂಡು ಇನ್ನೆರಡು ಗಂಟೆ ಬಿಟ್ಟು ಬಿಚ್ಚುವುದೂ ಉಂಟು. ಈ ದಾನಿಗಳಿಗೆ ದಾರಿಯ ಮೇಲಿನ ಗ್ರಾಮ ಪಂಚಾಯಿತಿಗಳು ಹೇಳಬಹುದಾದ ಸಲಹೆ ಸರಳವಾದುದು: ಅನ್ನದ ಪೊಟ್ಟಣದ ಬದಲು ರೊಟ್ಟಿ ಮತ್ತು ಚಟ್ನಿಪುಡಿ, ಬಾಳೆಹಣ್ಣು, ಕಡಲೆ ಬೆಲ್ಲ, ಅನ್ನವನ್ನೇ ಕೊಡುವುದಾದರೆ ಸ್ಥಳದಲ್ಲಿಯೇ ಒಲೆ ಹೂಡಿ, ಬಿಸಿಯಾಗಿ, ಅಲ್ಲಿಯೇ ಕುಳಿತು ಉಣ್ಣುವಂತೆ.

ನೀರು

ಅಡುಗೆಗೆ ಬಳಸಿದ ನೀರು ಕುದಿಯುತ್ತದೆ. ಮಜ್ಜಿಗೆ, ಪಾನಕಗಳಿಗೆ ಬೆರೆಸಿದ್ದು, ಕುಡಿಯಲು ಕೊಟ್ಟದ್ದು, ತಟ್ಟೆ ಲೋಟ ತೊಳೆದದ್ದು ಕುದಿಯುವುದಿಲ್ಲ. ಕಲುಷಿತ ನೀರು ಏನು ಮಾಡಬಲ್ಲದೆಂಬುದನ್ನು ಈ ಜಿಲ್ಲೆಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಆರು ಜನ ಪ್ರಾಣ ಕಳೆದುಕೊಂಡು, ನೂರಕ್ಕೂ ಹೆಚ್ಚು ಜನ ವಾಂತಿ ಭೇದಿಯಿಂದ ನರಳಿದರು. ಅದು ಜಾತ್ರೆಯ ಊಟದಿಂದ ಆದುದಲ್ಲ, ನಿತ್ಯ ಕುಡಿಯುವ ನೀರಿನಿಂದ. ಐದು ಸಾವಿರ ಜನ ಒಂದೇ ದಿನ ಒಂದೇ ಟ್ಯಾಂಕರಿನ ನೀರನ್ನು ಕುಡಿಯುವಲ್ಲಿ ಇದು ಎಷ್ಟು ಬೇಗ ಮರುಕಳಿಸಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಟ್ಯಾಂಕರನ್ನು ಕರೆಸುವ ಮುನ್ನ ಅದು ಹಿಂದಿನ ವಾರ ಏನನ್ನು ಹೊತ್ತಿತ್ತೆಂದು ವಿಚಾರಿಸಬೇಕು. ಕಟ್ಟಡದ ಕೆಲಸಕ್ಕೆ ಹೊಂಡದ ನೀರು ಸಾಗಿಸಿದ್ದು, ತೋಟಕ್ಕೆ ಔಷಧಿ ಕಲಸಲು ನಿಲ್ಲಿಸಿದ್ದು ಎರಡೂ ಸಾಮಾನ್ಯ. ತೊಳೆದು, ತುಂಬಿಸಿ, 1,000 ಲೀಟರಿಗೆ ಸುಮಾರು 2.5 ಗ್ರಾಂನಂತೆ, ಅಂದರೆ 5,000 ಲೀಟರಿನ ಟ್ಯಾಂಕರಿಗೆ 12.5 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಸುರಿದು ಅರ್ಧ ಗಂಟೆ ಬಿಡಬೇಕು. ಈ ಪ್ರಮಾಣ ತಿಳಿಯಾದ ನೀರಿಗೆ, ತಾಜಾ ಪುಡಿಗೆ ಹೇಳಿದ್ದು. ಕಚೇರಿಯ ಮೂಲೆಯಲ್ಲಿ ವರ್ಷದಿಂದ ಬಾಯಿ ತೆರೆದು ಬಿದ್ದಿರುವ ಚೀಲದಲ್ಲಿ ಸುಣ್ಣ ಉಳಿದಿರುತ್ತದೆಯೇ ಹೊರತು ಕ್ಲೋರಿನ್ ಉಳಿದಿರುವುದಿಲ್ಲ. ಆದ್ದರಿಂದ ನಂಬಬೇಕಾದುದು ತೂಕವನ್ನಲ್ಲ, ಪರೀಕ್ಷೆಯನ್ನು: ಅರ್ಧ ಗಂಟೆಯ ನಂತರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು, ಜನಸಂದಣಿಯಲ್ಲಿ 0.5ರಷ್ಟಿದ್ದರೆ ಒಳ್ಳೆಯದು. ಜಲ ಜೀವನ್ ಮಿಷನ್ ಅಡಿಯಲ್ಲಿ ಒದಗಿಸಿರುವ ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ಇದನ್ನು ನೋಡಬಹುದು. ತರಬೇತಿ ಪಡೆದ ಮಹಿಳೆಯರು ಗ್ರಾಮಗಳಲ್ಲಿಯೇ ಇದ್ದಾರೆ.

ಶುದ್ಧ ಕುಡಿಯುವ ನೀರಿನ ಘಟಕದ ನೀರಿಗೆ ಈ ಗೊಡವೆ ಬೇಡವೆಂದು ಅನೇಕರು ತಿಳಿದಿದ್ದಾರೆ. ಫ್ಲೋರೈಡ್ ಇರುವ ಊರುಗಳಲ್ಲಿ ಆ ಘಟಕ ಅವಶ್ಯವೇ. ಆದರೆ ಅದರಿಂದ ಹೊರಬರುವ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಕೊಳೆಯಾದ ಡ್ರಮ್ಮಿಗೆ ತುಂಬಿ, ಎಲ್ಲರೂ ಲೋಟ ಅದ್ದಿ ತೆಗೆದರೆ ಒಂದೆರಡು ಗಂಟೆಯಲ್ಲಿ ಅದು ಕೆರೆಯ ನೀರಿಗೆ ಸಮವಾಗುತ್ತದೆ. ಡ್ರಮ್ಮಿಗೆ ನಲ್ಲಿ ಇರಬೇಕು, ಮುಚ್ಚಳ ಇರಬೇಕು. ಪಾನಕ, ಮಜ್ಜಿಗೆಗೆ ಹಾಕುವ ಮಂಜುಗಡ್ಡೆ ಮೀನು ತಣಿಸಲು ತಯಾರಾದದ್ದೋ ಕುಡಿಯುವ ನೀರಿನಿಂದ ತಯಾರಾದದ್ದೋ ಎಂದು ಕೇಳದೆ ಕೊಳ್ಳಬಾರದು. ಗೊತ್ತಿಲ್ಲದಿದ್ದರೆ ಮಂಜುಗಡ್ಡೆಯನ್ನು ಪಾತ್ರೆಯ ಹೊರಗಿಟ್ಟು ತಣಿಸುವುದೇ ಸರಿ. ಮಣ್ಣಿನ ಹರವಿಯ ನೀರು ಹಿಂದೆಯೂ ತಣ್ಣಗಿತ್ತು, ಈಗಲೂ ಇದೆ.

ಡ್ರಮ್ಮುಗಳ ವಿಷಯದಲ್ಲಿ ಇನ್ನೂ ಗಂಭೀರವಾದುದೊಂದಿದೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯನ್ನು ಕೀಟನಾಶಕದ ಡಬ್ಬಿಯಲ್ಲಿ ಇಟ್ಟದ್ದು ಅದಕ್ಕೆ ಕಾರಣವಾಗಿತ್ತು. ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿ ಬೆಳೆಯುವ ನಮ್ಮ ತಾಲ್ಲೂಕುಗಳಲ್ಲಿ ಖಾಲಿಯಾದ ಔಷಧಿ ಕ್ಯಾನು, ಡ್ರಮ್ಮುಗಳಿಗೆ ಬರವಿಲ್ಲ. ಸೋಪು ಹಾಕಿ ಎಷ್ಟು ಸಲ ತೊಳೆದರೂ ಅವು ಆಹಾರಕ್ಕಾಗಲಿ ನೀರಿಗಾಗಲಿ ಸಲ್ಲವು. ಅಡುಗೆಯ ಜಾಗದಲ್ಲಿ ಅಂತಹ ಒಂದು ಕ್ಯಾನು ಕಂಡರೂ ಸದಸ್ಯರು ಅದನ್ನು ಅಲ್ಲಿಂದ ತೆಗೆಸಬೇಕು. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ದೇವಾಲಯದ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ್ದು ಉದ್ದೇಶಪೂರ್ವಕ ಅಪರಾಧ. ಅದರಲ್ಲಿ 17 ಜನ ಸತ್ತರು. ಅದನ್ನು ನೈರ್ಮಲ್ಯದ ಪ್ರಶ್ನೆಯೊಂದಿಗೆ ಬೆರೆಸಬೇಕಾಗಿಲ್ಲವಾದರೂ, ಅಡುಗೆ ಆರಂಭವಾದಾಗಿನಿಂದ ಬಡಿಸಿ ಮುಗಿಯುವವರೆಗೆ ಪಾಕಶಾಲೆಯನ್ನು ಬಿಟ್ಟು ಕದಲದ ಇಬ್ಬರು ಹೊಣೆಗಾರರು ಇರಬೇಕೆಂಬ ಪಾಠ ಎರಡಕ್ಕೂ ಸೇರಿದ್ದು. ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡುವ ನಿಯಮವಿದೆ. ಸಮಿತಿಯ ಹಿರಿಯರು ಅದೇ ಕ್ರಮವನ್ನು ಪಾಲಿಸಿದರೆ ಯಾರ ಗೌರವಕ್ಕೂ ಕುಂದಿಲ್ಲ.

ಉಳಿದ ಅನ್ನ

ಈ ವಿಷಯವೇ ಎಲ್ಲಕ್ಕಿಂತ ಕಠಿಣ. ಅನ್ನವನ್ನು ದೇವರೆಂದು ಕಣ್ಣಿಗೊತ್ತಿಕೊಳ್ಳುವ ಜನರಿಗೆ, ದಾಸೋಹದ ಅನ್ನವನ್ನು ಗುಂಡಿಗೆ ಸುರಿಯಿರಿ ಎಂದು ಹೇಳಲು ಯಾವ ಸದಸ್ಯರಿಗೂ ಬಾಯಿ ಬರುವುದಿಲ್ಲ. ಪದೇಪದೇ ಬರದ ಬವಣೆಯನ್ನು ಉಂಡ ಸೀಮೆಯಲ್ಲಿ ಆ ಸಂಕೋಚ ಸಹಜವೂ ಹೌದು. ಹೀಗಾಗಿ ಸಂಜೆಯ ಹೊತ್ತಿಗೆ ಉಳಿದದ್ದನ್ನು ‘ಯಾರಾದರೂ ಉಣ್ಣಲಿ’ ಎಂದು ಕೊಟ್ಟು ಕಳಿಸುತ್ತಾರೆ. ಆ ‘ಯಾರಾದರೂ’ ಯಾರೆಂದು ನೋಡಿದರೆ, ಎಲೆ ಎತ್ತಿದವರು, ಪಾತ್ರೆ ತಿಕ್ಕಿದ ಹೆಂಗಸರು, ಬೀದಿ ಗುಡಿಸಿದ ಸ್ವಚ್ಛತಾ ಕಾರ್ಮಿಕರು, ಡೊಳ್ಳು ಬಾರಿಸಿದವರು, ತೇರಿನ ಬಯಲಿನಲ್ಲಿ ಗುಡಾರ ಹಾಕಿದ ಬಳೆ, ಆಟಿಕೆ ಮಾರುವ ಕುಟುಂಬಗಳು. ಡಬ್ಬಿಯಲ್ಲಿ ತುಂಬಿಸಿ ಮನೆಗೆ ಒಯ್ದ ಆ ಅನ್ನ ರಾತ್ರಿ ಎಂಟಕ್ಕೆ, ಇಲ್ಲವೆ ಮರುದಿನ ಬೆಳಿಗ್ಗೆ ಮಕ್ಕಳ ತಟ್ಟೆಗೆ ಬೀಳುತ್ತದೆ. ಹದಿನೈದು ತಾಸು ಹಳೆಯ ಅನ್ನ ಅದು. ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕಾದವರೂ ಇವರೇ. ಜಾತ್ರೆಯ ಊಟದಿಂದಾಗುವ ಕೆಡುಕು ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲವೆಂಬುದನ್ನು ಚುನಾಯಿತ ಪ್ರತಿನಿಧಿಗಳು ಗಮನಕ್ಕೆ ತಂದುಕೊಳ್ಳಬೇಕು.

ಅನ್ನವನ್ನು ಚೆಲ್ಲುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಮೇಲೆ ಹೇಳಿದ ಸುತ್ತುಗಳ ಕ್ರಮದಿಂದ ಬಹುಮಟ್ಟಿಗೆ ಸಾಧ್ಯ. ಕೆಲಸಗಾರರಿಗೆ ಕೊನೆಯಲ್ಲಿ ಕೊಡುವ ಪದ್ಧತಿಯನ್ನು ಬಿಟ್ಟು, ಅವರಿಗಾಗಿ ನಡುವಿನ ಒಂದು ಪಂಕ್ತಿಯನ್ನು ಮೀಸಲಿಡಬೇಕು. ಮನೆಗೆ ಕೊಡುವುದಾದರೆ ಬೇಯಿಸದ ಅಕ್ಕಿ, ಬೇಳೆ, ಬೆಲ್ಲ ಕೊಡಬಹುದು. ಅದಕ್ಕೆ ಹೆಚ್ಚು ಮರ್ಯಾದೆಯೂ ಇದೆ. ಇಷ್ಟಾಗಿಯೂ ಉಳಿದ ಅನ್ನ, ಒಂದು ಗಂಟೆಯ ಮಿತಿ ದಾಟಿದ್ದರೆ, ಮನುಷ್ಯರ ಊಟಕ್ಕೆ ಸಲ್ಲದು. ಅದನ್ನು ಗೊಬ್ಬರದ ಗುಂಡಿಗೆ ಹಾಕಬೇಕು. ದನಗಳಿಗೆ ಬುಟ್ಟಿಗಟ್ಟಲೆ ಅನ್ನ ಸುರಿಯುವ ರೂಢಿಯೂ ಒಳ್ಳೆಯದಲ್ಲ. ಒಮ್ಮೆಲೇ ಹೆಚ್ಚು ಅನ್ನ ತಿಂದ ಹಸು ಎಮ್ಮೆಗಳು ಹೊಟ್ಟೆಯ ಆಮ್ಲೀಯತೆಯಿಂದ ಸಾಯುವುದುಂಟು.

ಪಂಚಾಯಿತಿಯ ಅಧಿಕಾರ ಎಷ್ಟು

ಆಹಾರದ ಮಾದರಿ ತೆಗೆಯುವ, ಮೊಕದ್ದಮೆ ಹೂಡುವ ಅಧಿಕಾರ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಆಹಾರ ಸುರಕ್ಷತಾಧಿಕಾರಿಗಳಿಗೆ ಸೇರಿದ್ದು. ಗುತ್ತಿಗೆಗೆ ಊಟ ಮಾಡಿಕೊಡುವ ಕೇಟರಿಂಗ್‌ನವರು ಆ ಕಾಯ್ದೆಯಡಿ ಪರವಾನಗಿ ಅಥವಾ ನೋಂದಣಿ ಹೊಂದಿರಬೇಕು. ತಾತ್ಕಾಲಿಕ ಅಂಗಡಿಯವರಷ್ಟೇ ಅಲ್ಲ, ಧಾರ್ಮಿಕ ಅಥವಾ ಸಾಮಾಜಿಕ ಸಮಾರಂಭಗಳಲ್ಲಿ ಆಹಾರ ಹಂಚುವವರೂ ನೋಂದಣಿಯ ವ್ಯಾಪ್ತಿಗೆ ಬರುತ್ತಾರೆಂದು 2011ರ ನಿಯಮಾವಳಿ ಹೇಳುತ್ತದೆ. ಇದು ಬಹುತೇಕ ಸಮಿತಿಗಳಿಗೆ ತಿಳಿಯದ ಸಂಗತಿ. ಪಂಚಾಯಿತಿಯ ಕೈಯಲ್ಲಿರುವುದು ನೀರು, ಸ್ವಚ್ಛತೆ, ಬೀದಿದೀಪ, ಅಂಗಡಿ ಹಾಕುವ ಜಾಗ. ಜಾತ್ರೆ ನಡೆಸುವವರು ಇವಿಷ್ಟಕ್ಕಾಗಿ ಹೇಗೂ ಪಂಚಾಯಿತಿಗೆ ಬರುತ್ತಾರೆ. ಹಾಗೆ ಬಂದಾಗ, ಅಡುಗೆಯ ಹೊಣೆ ಯಾರದು, ಎಷ್ಟು ಸುತ್ತಿನಲ್ಲಿ ಅಡುಗೆ, ನೀರಿನ ಮೂಲ ಯಾವುದು, ಕೈ ತೊಳೆಯಲು ಸೋಪು ನೀರು ಎಲ್ಲಿ, ಶೌಚಾಲಯದಿಂದ ಒಲೆ ಎಷ್ಟು ದೂರ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿಸಿಕೊಳ್ಳುವುದು ಸಾಧ್ಯ. ಅಪ್ಪಣೆ ನಿರಾಕರಿಸುವುದಕ್ಕಿಂತ ಹೀಗೆ ಬರೆಯಿಸಿಕೊಳ್ಳುವುದರಿಂದ ಹೆಚ್ಚು ಕೆಲಸವಾಗುತ್ತದೆ. ಕಾರ್ಯಕ್ರಮಕ್ಕೆ ವಾರ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ಒಂದು ಪ್ರತಿ ಹೋಗಬೇಕು.

ಜ್ವರ, ಭೇದಿ ಇರುವವರನ್ನು, ಕೈಯಲ್ಲಿ ಕುರು ಗಾಯ ಇರುವವರನ್ನು ಆ ದಿನ ಅಡುಗೆ, ಬಡಿಸುವ ಕೆಲಸದಿಂದ ದೂರವಿಡುವ ವಿಷಯ ಸಣ್ಣದೆನಿಸಬಹುದು. ಕೂಲಿ ತಪ್ಪುತ್ತದೆಂದು ಅವರು ಹೇಳಿಕೊಳ್ಳುವುದಿಲ್ಲ. ಸೌದೆ ಒಟ್ಟುವ, ಜನರನ್ನು ಸಾಲಿನಲ್ಲಿ ನಿಲ್ಲಿಸುವ ಕೆಲಸ ಕೊಟ್ಟು ಅದೇ ಕೂಲಿ ನೀಡಿದರೆ ಹೇಳಿಕೊಳ್ಳುತ್ತಾರೆ.

ತೊಂದರೆ ಕಾಣಿಸಿಕೊಂಡಾಗ

ಊಟವಾದ 1ರಿಂದ 6 ಗಂಟೆಯೊಳಗೆ ವಾಂತಿ ಆರಂಭವಾದರೆ ಆಹಾರದಲ್ಲಿ ಮೊದಲೇ ವಿಷ ಸೇರಿತ್ತೆಂಬ ಸಂಶಯಕ್ಕೆ ಎಡೆಯುಂಟು. ಹೊಟ್ಟೆನೋವು, ಭೇದಿ 6ರಿಂದ 24 ಗಂಟೆಯ ನಂತರವೂ, ಸಾಲ್ಮೊನೆಲ್ಲಾದಂತಹ ಸೋಂಕಿನಲ್ಲಿ ಎರಡು ಮೂರು ದಿನ ತಡವಾಗಿಯೂ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ಜಾತ್ರೆಯ ಜನ ಹತ್ತಾರು ಊರುಗಳಿಗೆ ಚದುರಿಹೋಗಿರುತ್ತಾರೆ. ಒಂದೊಂದು ಊರಿನಲ್ಲಿ ಇಬ್ಬರು ಮೂವರಂತೆ ಮಲಗಿದಾಗ ಅದು ಬಿಸಿಲಿನ ಝಳವೆಂದು ತೋರುತ್ತದೆ. ಆದ್ದರಿಂದ ಜಾತ್ರೆಯ ನಂತರದ ಮೂರು ದಿನ ಆಶಾ ಕಾರ್ಯಕರ್ತೆಯರು ಮನೆಮನೆ ವಿಚಾರಿಸುವುದು ಅಗತ್ಯ. ಒಂದೇ ಊಟ ಉಂಡ ಎರಡು ಮನೆಗಳಲ್ಲಿ ಒಂದೇ ಲಕ್ಷಣ ಕಂಡರೆ ಸಾಕು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಪ್ರಾಣಕ್ಕೆ ಅಪಾಯ ತರುವುದು ಬಹುತೇಕ ದೇಹದ ನೀರು ಬತ್ತುವುದು. ಬಿಸಿಲಿನಲ್ಲಿ ಅದು ಇನ್ನೂ ಬೇಗ. ಓಆರ್‌ಎಸ್ ಪೊಟ್ಟಣವನ್ನು 1 ಲೀಟರ್ ಶುದ್ಧ ನೀರಿಗೆ ಪೂರ್ತಿಯಾಗಿ ಕದಡಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಪೊಟ್ಟಣವಿಲ್ಲದಿದ್ದರೆ 1 ಲೀಟರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮೂತ್ರ ನಿಂತಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಮಲದಲ್ಲಿ ರಕ್ತವಿದ್ದರೆ, ಮಗು ಮಂಕಾಗಿದ್ದರೆ, ಗರ್ಭಿಣಿಯರು ಅಥವಾ ವೃದ್ಧರಾಗಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ದೃಷ್ಟಿ ಇಳಿ ತೆಗೆಯುವವರು ತೆಗೆಯಲಿ. ಆದರೆ ಅದು ವಾಹನ ಬರುವ ಹೊತ್ತಿನಲ್ಲಿ ಆಗಬೇಕು, ವಾಹನವನ್ನು ತಡೆಯಬಾರದು.

ಇಂತಹ ಗಳಿಗೆಯಲ್ಲಿ ಊರಿನ ಹೆಸರು ಕೆಡುತ್ತದೆಂಬ ಭಯದಿಂದ ಉಳಿದ ಅಡುಗೆಯನ್ನೆಲ್ಲ ತರಾತುರಿಯಲ್ಲಿ ಹೂಳುವುದೂ ಪಾತ್ರೆಗಳನ್ನು ತೊಳೆದಿಡುವುದೂ ಸಾಮಾನ್ಯವಾಗಿ ನಡೆಯುತ್ತದೆ. ಹಾಗೆ ಮಾಡಿದರೆ ಕಾರಣ ತಿಳಿಯುವುದಿಲ್ಲ, ನಿರಪರಾಧಿಯಾದ ಅಡುಗೆಯವರ ಮೇಲೆ ಅಪವಾದ ಉಳಿಯುತ್ತದೆ, ವೈದ್ಯರಿಗೂ ಚಿಕಿತ್ಸೆಯ ದಿಕ್ಕು ಸಿಗುವುದಿಲ್ಲ. ಬಡಿಸುವುದನ್ನು ನಿಲ್ಲಿಸಬೇಕು, ಆದರೆ ಆಹಾರವನ್ನು ಮುಚ್ಚಿ ಕಾಯ್ದಿಡಬೇಕು. ಇದಕ್ಕಿಂತಲೂ ಮೇಲಾದ ಕ್ರಮವೆಂದರೆ, ಏನೂ ಆಗದಿದ್ದರೂ ಪ್ರತಿ ಸುತ್ತಿನ ಪ್ರತಿ ಪದಾರ್ಥದಿಂದ ಒಂದು ಬಟ್ಟಲಿನಷ್ಟನ್ನು ತೊಳೆದು ಒಣಗಿಸಿದ ಮುಚ್ಚಳದ ಡಬ್ಬಿಯಲ್ಲಿ ತೆಗೆದು, ವೇಳೆ ಬರೆದ ಚೀಟಿ ಅಂಟಿಸಿ, ಹತ್ತಿರದ ಮನೆಯ ಫ್ರಿಜ್ಜಿನಲ್ಲಿ ಎರಡು ದಿನ ಇಡುವುದು. ನೀರಿನದೂ ಒಂದು ಬಾಟಲಿ ಇರಲಿ. ಎರಡು ದಿನ ಕಳೆದ ಮೇಲೆ ಯಾರಿಗೂ ತೊಂದರೆಯಿಲ್ಲವೆಂದು ಆಶಾ ಕಾರ್ಯಕರ್ತೆ ತಿಳಿಸಿದರೆ ಡಬ್ಬಿಗಳನ್ನು ತೊಳೆದು ಮರಳಿಸಬಹುದು.